ಚರಂಡಿ ಕಡಲು ಸೇರಿದ ಜಾಗ

ಸಾರ್ಡೀನಿಯಾ ದ್ವೀಪದ ರಾಜಧಾನಿ ಕಾಲ್ಯರಿಗೆ ಕೆಲವರು ಪೊಯೆತ್ತೊ ತೀರದ ಬೆಳ್ಳನೆಯ ಮರಳಿಗಾಗಿ ಬರುತ್ತಾರೆ, ಕೆಲವರು ಗುಡ್ಡದ ಮೇಲಿನ ಕೋಟೆಪೇಟೆ ನೋಡಲು ಬರುತ್ತಾರೆ, ಊರಂಚಿನ ಉಪ್ಪುನೀರ ಕೆರೆಯಲ್ಲಿ ಒಂಟಿಕಾಲ ಮೇಲೆ ನಿಂತ ಫ್ಲೆಮಿಂಗೊಗಳ ಫೋಟೊ ತೆಗೆಯಲು ಬರುವವರೂ ಇದ್ದಾರೆ. ನಾನು ಬಂದದ್ದು ಒಂದು ಕಾಲದಲ್ಲಿ ಊರಿನ ಚರಂಡಿ ಕಡಲಿಗೆ ಬೀಳುತ್ತಿದ್ದ ಜಾಗವನ್ನು ನೋಡಲು. ಅದರ ಹೆಸರು ಸು ಸಿಕ್ಕು.

1945ರಲ್ಲಿ ಅಲ್ಲಿಂದ ಎತ್ತಿದ ನೀರಿನಲ್ಲಿ ಒಂದು ಬೂಷ್ಟು ಸಿಕ್ಕಿತು. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವ ಸೆಫಿಕ್ಸಿಮ್ ಮಾತ್ರೆ, ಆಸ್ಪತ್ರೆಯಲ್ಲಿ ದಿನಬೆಳಗಾದರೆ ಕೊಡುವ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್, ಆಪರೇಷನ್ನಿಗೆ ಮುಂಚೆ ಏರಿಸುವ ಸೆಫಜೋಲಿನ್, ಎಲ್ಲವೂ ಆ ಬೂಷ್ಟಿನ ವಂಶಕ್ಕೆ ಸೇರಿದವು. ಲೆಕ್ಕವಿಲ್ಲದಷ್ಟು ಜೀವ ಉಳಿಸಿದ ವಂಶ ಅದು. ಅದರ ಕೆಲವು ಕುಡಿಗಳು ಮಾತ್ರ ರೋಗಿಯ ರಕ್ತ ಹೆಪ್ಪುಗಟ್ಟುವುದನ್ನೇ ತಡೆದುಬಿಡುತ್ತವೆ. ವೃತ್ತಿಯಿಂದ ನಾನು ರಕ್ತಪರೀಕ್ಷೆಯ ಲ್ಯಾಬಿನವಳು, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕೆಂದು ನೋಡುವುದೇ ನನ್ನ ಕೆಲಸ. ಹಾಗಾಗಿ ಈ ವಂಶದ ಮೂಲಸ್ಥಾನವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ಬಹಳ ವರ್ಷಗಳಿಂದ ಇತ್ತು. ಅಕ್ಕನ ಮಗಳು ಇಟಲಿಯಲ್ಲಿ ಓದುತ್ತಿರುವುದರಿಂದ ಅದು ಕೈಗೂಡಿತು.

ವಿಮಾನ ಇಳಿದು, ಪುಟ್ಟ ರೈಲು ಹತ್ತಿ, ಮಾತೆಯೊತ್ತಿ ಚೌಕದಲ್ಲಿ ಇಳಿದರೆ ಎದುರಿಗೇ ಬಂದರು. ಬಲಗಡೆ ಕಡಲು, ಎಡಗಡೆ ಉದ್ದಕ್ಕೂ ಕಮಾನುಗಳ ಸಾಲಿರುವ ರೋಮಾ ಬೀದಿ. ಈ ಬೀದಿ ಇಷ್ಟು ಚೆಂದವಾಗಿ ನಿಂತಿದೆ ಎನ್ನುವುದೇ ಒಂದು ಸೋಜಿಗ. 1943ರಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ಈ ಊರನ್ನು ಜಜ್ಜಿಹಾಕಿದ್ದವು, ಜನ ಊರು ಬಿಟ್ಟು ಹಳ್ಳಿಗಳಿಗೆ ಓಡಿದ್ದರು. ನಾನು ನೋಡಬಂದ ಕಥೆ ಶುರುವಾಗುವುದು ಅದರ ಮರುವರ್ಷಗಳಲ್ಲಿ, ಮುರಿದ ಗೋಡೆಗಳ ನಡುವೆ.

ಕಥೆಯ ನಾಯಕ ಜುಸೆಪ್ಪೆ ಬ್ರೊತ್ಸು. 1895ರಲ್ಲಿ ಇದೇ ದ್ವೀಪದ ಗಿಲಾರ್ಸಾ ಎಂಬ ಊರಲ್ಲಿ ಹುಟ್ಟಿದವರು. ಕಾಲ್ಯರಿ ವಿಶ್ವವಿದ್ಯಾಲಯದಲ್ಲಿ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಮುಂದೆ ಪ್ರಾದೇಶಿಕ ಸರ್ಕಾರದ ಅಧ್ಯಕ್ಷರೂ ಊರಿನ ಮೇಯರೂ ಆದರು. ಮಲೇರಿಯಾ, ಟೈಫಾಯಿಡ್ ಎರಡೂ ದ್ವೀಪವನ್ನು ಹಿಂಡುತ್ತಿದ್ದ ಕಾಲ. ಆಗ ಅವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಊರಿನ ಹೊಲಸೆಲ್ಲ ಕಡಲಿಗೆ ಸೇರುವ ಸು ಸಿಕ್ಕುವಿನಲ್ಲೇ ಹುಡುಗರು ಈಜುತ್ತಾರೆ, ಆದರೂ ಟೈಫಾಯಿಡ್ ಅವರನ್ನು ಅಷ್ಟಾಗಿ ಕಾಡುತ್ತಿಲ್ಲ. ಬೇರೆಯವರಾಗಿದ್ದರೆ ದೇವರು ದೊಡ್ಡವನು ಎಂದು ಸುಮ್ಮನಾಗುತ್ತಿದ್ದರು. ಬ್ರೊತ್ಸು ಆ ನೀರನ್ನು ತುಂಬಿಸಿಕೊಂಡು ಲ್ಯಾಬಿಗೆ ಹೋದರು. ನೀರಿನಲ್ಲಿ ಟೈಫಾಯಿಡ್ ಕ್ರಿಮಿಯನ್ನು ಕೊಲ್ಲುವಂಥದ್ದು ಏನೋ ಇರಬೇಕು ಎಂಬುದು ಅವರ ಊಹೆ. ಸಿಕ್ಕಿದ್ದು ಸೆಫಲೋಸ್ಪೋರಿಯಂ ಅಕ್ರಿಮೋನಿಯಂ ಎಂಬ ಬೂಷ್ಟು.

ಮಧ್ಯಾಹ್ನದ ಬಿಸಿಲಲ್ಲಿ ಕಡಲಂಚು ಹಿಡಿದು ಪೂರ್ವಕ್ಕೆ ನಡೆದೆವು. ಸು ಸಿಕ್ಕು ಬಂದಾಗ ಅಕ್ಕನ ಮಗಳು, “ಚಿಕ್ಕಮ್ಮ, ಇದೇ” ಎಂದಳು. ನಾನು ನಿಂತೆ. ಈಗ ಅಲ್ಲಿ ಕಲ್ಲುಹಾಸಿನ ವಾಯುವಿಹಾರದ ದಾರಿ, ಈಚಲು ಜಾತಿಯ ಮರಗಳು, ಹಗ್ಗ ಕಟ್ಟಿ ನಿಲ್ಲಿಸಿದ ಬಿಳಿ ಹಾಯಿದೋಣಿಗಳು. ಹಿಂದುಗಡೆ ಗುಡ್ಡದ ಮೇಲೆ ಬೊನಾರಿಯಾ ಮಾತೆಯ ದೊಡ್ಡ ಇಗರ್ಜಿ, ಅದರ ಅಗಲವಾದ ಮೆಟ್ಟಿಲುಗಳು ಕಡಲಿನ ಕಡೆಗೇ ಇಳಿದು ಬರುತ್ತವೆ. 1370ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗೊಂದರಿಂದ ಎಸೆದ ಪೆಟ್ಟಿಗೆ ಈ ದಡಕ್ಕೆ ತೇಲಿಬಂದು, ಅದರೊಳಗೆ ಮಾತೆಯ ವಿಗ್ರಹ ಸಿಕ್ಕಿತು ಎಂದು ಇಲ್ಲಿನವರು ನಂಬುತ್ತಾರೆ. ನಾವಿಕರನ್ನು ಕಾಯುವವಳು ಅವಳು. ಅದೇ ದಡಕ್ಕೆ ಚರಂಡಿಯ ಹೊಲಸಿನೊಡನೆ ಬಂದದ್ದು ಕಾಯಿಲೆಯವರನ್ನು ಕಾಯುವ ಬೂಷ್ಟು. ಎರಡೂ ಒಂದೇ ಜಾಗದಲ್ಲಿ! ಮೈ ಜುಮ್ಮೆಂದಿತು.

ಬಗ್ಗಿ ಅಂಗೈಯಲ್ಲಿ ಒಂದಿಷ್ಟು ನೀರು ಎತ್ತಿಕೊಂಡೆ. ತಿಳಿಯಾದ, ತುಸು ಬೆಚ್ಚಗಿನ ಉಪ್ಪುನೀರು. ದಂಡೆಗೋಡೆಯ ಕಲ್ಲಿಗೆ ಹಸಿರು ಪಾಚಿ ಮೆತ್ತಿತ್ತು, ಅದನ್ನು ಬೆರಳುದ್ದದ ಮೀನುಗಳು ಗುಂಪುಗಟ್ಟಿ ಕಚ್ಚುತ್ತಿದ್ದವು. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮುದುಕರೊಬ್ಬರನ್ನು ಬ್ರೊತ್ಸು ಬಗ್ಗೆ ಕೇಳು ಎಂದು ಹುಡುಗಿಗೆ ಹೇಳಿದೆ. ಅವರು ಊರಿನ ಆಚೆ ಬದಿಯ ಗುಡ್ಡದ ಕಡೆ ಕೈತೋರಿಸಿ ಬಸ್ಸಿನ ದಾರಿ ಹೇಳತೊಡಗಿದರು. ಅಲ್ಲಿರುವುದು ಬ್ರೊತ್ಸು ಹೆಸರಿನ ದೊಡ್ಡಾಸ್ಪತ್ರೆ. ಯಾರಿಗೆ ಹುಷಾರಿಲ್ಲ ಎಂದು ಅವರು ಕಳಕಳಿಯಿಂದ ವಿಚಾರಿಸಿದರು.

ಬ್ರೊತ್ಸು ಅವರ ಬಳಿ ದುಡ್ಡಿರಲಿಲ್ಲ, ಸಲಕರಣೆಗಳಿರಲಿಲ್ಲ. ಆದರೂ ಬೂಷ್ಟು ಬೆಳೆಸಿದ ದ್ರವವನ್ನು ಸೋಸಿ ಟೈಫಾಯಿಡ್ ರೋಗಿಗಳಿಗೆ, ದನಗಳಿಂದ ಬರುವ ಬ್ರೂಸೆಲ್ಲೋಸಿಸ್ ಜ್ವರದವರಿಗೆ ಕೊಟ್ಟು ನೋಡಿದರು, ಫಲ ಕಂಡಿತು. ಅದನ್ನು ಶುದ್ಧಮಾಡುವುದು ಅವರೊಬ್ಬರ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. 1948ರಲ್ಲಿ ತಮ್ಮ ಸಂಸ್ಥೆಯ ಪುಟ್ಟ ಪತ್ರಿಕೆಯಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರು. ಯುದ್ಧದ ಹೊತ್ತಿಗೆ ಇಲ್ಲಿ ಆರೋಗ್ಯಾಧಿಕಾರಿಯಾಗಿದ್ದ ಬ್ರಿಟಿಷ್ ವೈದ್ಯರೊಬ್ಬರ ಮೂಲಕ ಸುದ್ದಿ ಆಕ್ಸ್‌ಫರ್ಡಿನ ಹೊವರ್ಡ್ ಫ್ಲೋರಿ ಅವರಿಗೆ ಮುಟ್ಟಿತು. ಪೆನಿಸಿಲಿನ್ನನ್ನು ಔಷಧವಾಗಿಸಿದ ಅದೇ ಫ್ಲೋರಿ. ಬ್ರೊತ್ಸು ತಮ್ಮ ಬೂಷ್ಟನ್ನು ಹಿಂದೆಮುಂದೆ ನೋಡದೆ ಅವರಿಗೆ ಕಳಿಸಿಕೊಟ್ಟರು. ಈ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಅವರ ಈ ಉದಾರತನ.

ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಆ ಬೂಷ್ಟಿನೊಳಗಿಂದ 1953ರಲ್ಲಿ ಸೆಫಲೋಸ್ಪೊರಿನ್ ಸಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಪೆನಿಸಿಲಿನ್ನನ್ನು ಸೀಳಿಹಾಕುವ ಕಿಣ್ವಕ್ಕೂ ಅದು ಜಗ್ಗಲಿಲ್ಲ. 1961ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಎಕ್ಸ್-ರೇ ಮೂಲಕ ಅದರ ಆಕಾರವನ್ನು ಖಚಿತಪಡಿಸಿದರು. 1964ರ ಹೊತ್ತಿಗೆ ಅದರಿಂದ ಹುಟ್ಟಿದ ಮೊದಲ ಔಷಧಗಳು ಆಸ್ಪತ್ರೆಗೆ ಬಂದವು. ಆಮೇಲೆ ರಸಾಯನಶಾಸ್ತ್ರಜ್ಞರು ಮೂಲ ಅಣುವಿನ ನಡುಭಾಗವನ್ನು ಹಾಗೇ ಇಟ್ಟುಕೊಂಡು ಅಕ್ಕಪಕ್ಕದ ತುಂಡುಗಳನ್ನು ಬದಲಿಸುತ್ತ ಹೋದರು. ಒಂದೊಂದು ಬದಲಾವಣೆಗೂ ಒಂದೊಂದು ಹೊಸ ಔಷಧ.

ನಮ್ಮ ರಕ್ತದ ಕಥೆ ಈ ಬದಲಾವಣೆಯಲ್ಲೇ ಇದೆ. 1970ರ ದಶಕದಲ್ಲಿ ಕೆಲವು ಔಷಧಗಳ ಒಂದು ತುದಿಗೆ ಹೊಸ ಬಾಲವೊಂದನ್ನು ಜೋಡಿಸಿದರು. ನಾಲ್ಕು ಸಾರಜನಕ, ಒಂದು ಇಂಗಾಲ ಸೇರಿದ ಐದು ಮೂಲೆಯ ಉಂಗುರ, ಅದಕ್ಕೊಂದು ಗಂಧಕದ ಕೊಂಡಿ. ಔಷಧದ ಬಲ ಹೆಚ್ಚಿತು, ಹಠಮಾರಿ ಕ್ರಿಮಿಗಳೂ ಮಣಿದವು. ಸೆಫಮಾಂಡೋಲ್, ಸೆಫೊಟೆಟಾನ್, ಲ್ಯಾಟಮಾಕ್ಸೆಫ್, ಸೆಫೊಪೆರಜೋನ್ ಎಲ್ಲಕ್ಕೂ ಇದೇ ಬಾಲ. ಆದರೆ 1980ರ ದಶಕದ ಆರಂಭದಲ್ಲಿ ಲ್ಯಾಟಮಾಕ್ಸೆಫ್ ಪಡೆದ ರೋಗಿಗಳಲ್ಲಿ ರಕ್ತಸ್ರಾವ ಕಾಣಿಸಿಕೊಂಡಿತು, ಕೆಲವರು ತೀರಿಕೊಂಡರು, ಹಲವು ದೇಶಗಳ ವೈದ್ಯರು ಅದನ್ನು ಕೈಬಿಟ್ಟರು. ಸೆಫೊಪೆರಜೋನ್ ಮಾತ್ರ ಸಲ್ಬ್ಯಾಕ್ಟಮ್ ಜೊತೆ ಸೇರಿ ನಮ್ಮ ದೇಶದ ಐಸಿಯುಗಳಲ್ಲಿ ಇವತ್ತಿಗೂ ಧಾರಾಳವಾಗಿ ಬಳಕೆಯಲ್ಲಿದೆ.

ನಾನು ಮರೆಯದ ಒಂದು ಮಾದರಿ ರಕ್ತ ಇದೆ. ಹೊಟ್ಟೆಯ ಆಪರೇಷನ್ ಆಗಿ ಐಸಿಯುನಲ್ಲಿದ್ದ ವಯಸ್ಸಾದ ತಾಯಿಯೊಬ್ಬರದು. ಎಷ್ಟೋ ದಿನಗಳಿಂದ ಬಾಯಿಂದ ಆಹಾರವಿಲ್ಲ, ಬರೀ ಡ್ರಿಪ್, ಜೊತೆಗೆ ಸೆಫೊಪೆರಜೋನ್. ಮೂತ್ರ ಕೆಂಪಾಗಿದೆ, ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗುತ್ತಿದೆ ಎಂದು ವಾರ್ಡಿನಿಂದ ಫೋನು ಬಂತು. ನೀಲಿ ಮುಚ್ಚಳದ ಕೊಳವೆಯಲ್ಲಿ ಬಂದ ರಕ್ತವನ್ನು ತಿರುಗಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು ಗಾಜಿನ ಕೊಳವೆಗೆ ಹಾಕಿ, 37 ಡಿಗ್ರಿಯ ನೀರಿನಲ್ಲಿಟ್ಟು, ಕಾರಕ ಸೇರಿಸಿ ಗಡಿಯಾರ ಒತ್ತಿದೆ. ಅಮೆರಿಕದ ಆರ್ಮಂಡ್ ಕ್ವಿಕ್ 1935ರಲ್ಲಿ ಕೊಟ್ಟ ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆ ಇದು. ಕೊಳವೆಯನ್ನು ಮೆಲ್ಲಗೆ ಓಲಾಡಿಸುತ್ತ ಬೆಳಕಿಗೆ ಹಿಡಿದು ನೋಡಬೇಕು. ಆರೋಗ್ಯವಂತರ ಪ್ಲಾಸ್ಮಾ ಹನ್ನೆರಡು ಸೆಕೆಂಡಿನ ಆಸುಪಾಸಿಗೆ ತಟ್ಟನೆ ಹರಿಯುವುದನ್ನು ನಿಲ್ಲಿಸುತ್ತದೆ, ಒಳಗೆ ಮಸುಕಾದ ಎಳೆ ಮೂಡುತ್ತದೆ. ಆ ತಾಯಿಯದು ಇಪ್ಪತ್ತಾದರೂ ಇಲ್ಲ, ಮೂವತ್ತಾದರೂ ಇಲ್ಲ, ನಿಮಿಷ ದಾಟಿದರೂ ನೀರು ನೀರಾಗಿಯೇ ಓಲಾಡುತ್ತಿತ್ತು.

ಆಮೇಲಿನ ಹೆಜ್ಜೆ ನನಗೆ ಪ್ರತಿ ಸಲವೂ ಹೊಸದಾಗಿ ಅಚ್ಚರಿ ತರುತ್ತದೆ. ಆರೋಗ್ಯವಂತರ ಪ್ಲಾಸ್ಮಾವನ್ನು ಸಮಪಾಲು ಬೆರೆಸಿ ಪರೀಕ್ಷೆ ಮಾಡಿದರೆ, ರಕ್ತದಲ್ಲಿ ಏನೋ ಕೊರತೆ ಇದ್ದಾಗ ಅದು ತುಂಬಿಕೊಂಡು ಸಮಯ ಸರಿಹೋಗುತ್ತದೆ. ಸರಿಹೋಗದಿದ್ದರೆ ಹೆಪ್ಪುಗಟ್ಟುವ ಅಂಶವನ್ನು ಹುಡುಕಿ ಹೊಡೆಯುವ ಪ್ರತಿಕಾಯವೊಂದು ಒಳಗೆ ಕೂತಿರಬಹುದು ಎಂದು ಅನುಮಾನಿಸಬೇಕು. ಹುಟ್ಟಿನಿಂದ ಹೀಮೋಫಿಲಿಯಾ ಇಲ್ಲದವರಿಗೂ ನಡುವಯಸ್ಸಿನ ನಂತರ ಇದ್ದಕ್ಕಿದ್ದಂತೆ ಎಂಟನೆಯ ಅಂಶದ ವಿರುದ್ಧ ಇಂಥ ಪ್ರತಿಕಾಯ ಹುಟ್ಟಬಹುದು. ಬಹಳ ಅಪರೂಪ, ಕಾರಣ ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ. ವರದಿಯಾದ ಕಾರಣಗಳಲ್ಲಿ ಪೆನಿಸಿಲಿನ್ ಕೂಡ ಒಂದು. ಆ ತಾಯಿಯ ಪ್ಲಾಸ್ಮಾ ಹೀಗೆ ಬೆರೆಸಿ ಪರೀಕ್ಷಿಸಿದಾಗ ಸಮಯಕ್ಕೆ ಸರಿಯಾಗಿ ಹೆಪ್ಪುಗಟ್ಟಿತು. ಕೊರತೆಯೇ! ವೈದ್ಯರು ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು. ಮರುದಿನ ಬೆಳಿಗ್ಗೆ ಬಂದ ಮಾದರಿ ಹೆಚ್ಚುಕಡಿಮೆ ಸಹಜ ಸಮಯಕ್ಕೇ ಗಟ್ಟಿಯಾಯಿತು.

ಸು ಸಿಕ್ಕುವಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನೆಲ್ಲ ಹುಡುಗಿಗೆ ಹೇಳುತ್ತಿದ್ದೆ. ಅವಳು ಕೇಳಿದಳು: “ಆಂಟಿಬಯಾಟಿಕ್ಕಿಗೂ ವಿಟಮಿನ್ನಿಗೂ ಏನು ಸಂಬಂಧ ಚಿಕ್ಕಮ್ಮ?”

ಆ ವಿಟಮಿನ್ ಪತ್ತೆಯಾದದ್ದು ಕೋಳಿಮರಿಗಳಿಂದ. 1929ರಲ್ಲಿ ಕೋಪನ್‌ಹೇಗನ್ನಿನ ಹೆನ್ರಿಕ್ ಡಾಮ್ ಕೊಲೆಸ್ಟರಾಲ್ ಬಗ್ಗೆ ತಿಳಿಯಲು ಮರಿಗಳಿಗೆ ಕೊಬ್ಬು ತೆಗೆದ ಆಹಾರ ಹಾಕುತ್ತಿದ್ದರು. ಮರಿಗಳ ಚರ್ಮದಡಿ, ಮಾಂಸಖಂಡಗಳಲ್ಲಿ ರಕ್ತ ಸೋರತೊಡಗಿತು. ಹುಡುಕುತ್ತ ಹೋದಾಗ ಸೊಪ್ಪಿನಲ್ಲಿರುವ, ಕೊಬ್ಬಿನಲ್ಲಿ ಕರಗುವ ಹೊಸ ವಿಟಮಿನ್ ಸಿಕ್ಕಿತು, ಅದಕ್ಕೆ ಕೆ ಎಂದು ಹೆಸರಿಟ್ಟರು. ಅಮೆರಿಕದ ಎಡ್ವರ್ಡ್ ಡಾಯ್ಸಿ ಅದರ ಇನ್ನೊಂದು ರೂಪವನ್ನು ಕೊಳೆತ ಮೀನಿನ ಪುಡಿಯಿಂದ ತೆಗೆದರು. ಅಲ್ಲಿ ಅದನ್ನು ತಯಾರಿಸಿದ್ದು ಕೊಳೆಸುವ ಬ್ಯಾಕ್ಟೀರಿಯಾಗಳು. ಇಬ್ಬರಿಗೂ 1943ರ ನೊಬೆಲ್ ಬಂತು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಈ ಎರಡನೆಯ ರೂಪವನ್ನು ತಯಾರಿಸುತ್ತವೆ. ಹುಟ್ಟಿದ ಕೂಸಿಗೆ ತಾಯಿಯಿಂದ ಬಂದ ದಾಸ್ತಾನು ತೀರಾ ಕಡಿಮೆ, ಕರುಳಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆಸಿರುವುದಿಲ್ಲ. ಹೆರಿಗೆ ಕೋಣೆಯಲ್ಲಿ ಪ್ರತಿ ಕೂಸಿನ ತೊಡೆಗೂ ವಿಟಮಿನ್ ಕೆ ಚುಚ್ಚುವುದು ಅದಕ್ಕೇ.

ಈ ವಿಟಮಿನ್ ಯಕೃತ್ತಿನಲ್ಲಿ ಮಾಡುವ ಕೆಲಸ ಸೂಕ್ಷ್ಮವಾದದ್ದು. ಹೆಪ್ಪುಗಟ್ಟಿಸುವ ಎರಡು, ಏಳು, ಒಂಬತ್ತು, ಹತ್ತನೆಯ ಅಂಶಗಳು ಮೊದಲು ಮೊಂಡಾಗಿ ತಯಾರಾಗುತ್ತವೆ. ವಿಟಮಿನ್ ಕೆ ಇದ್ದರೆ ಅವುಗಳ ಗ್ಲುಟಮಿಕ್ ಆಮ್ಲದ ತುಣುಕುಗಳಿಗೆ ಇನ್ನೊಂದು ಆಮ್ಲದ ಗುಂಪು ಅಂಟಿಕೊಳ್ಳುತ್ತದೆ, ಆಗ ಆ ಜೋಡಿ ಇಕ್ಕಳದ ಹಾಗೆ ಕ್ಯಾಲ್ಸಿಯಂ ಕಣವನ್ನು ಹಿಡಿದುಕೊಂಡು ಗಾಯವಾದ ಜಾಗಕ್ಕೆ ಅಂಟಿ ನಿಲ್ಲುತ್ತದೆ. ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೋ ಈ ಜೋಡಿಯನ್ನು ಕಂಡುಹಿಡಿದದ್ದು 1974ರಲ್ಲಿ. ಒಮ್ಮೆ ಕೆಲಸ ಮುಗಿಸಿದ ವಿಟಮಿನ್ನನ್ನು ಮತ್ತೆ ಬಳಕೆಗೆ ಸಿದ್ಧಮಾಡಲು ಒಂದು ಕಿಣ್ವವಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ವಾರ್ಫರಿನ್ ಮಾತ್ರೆ ಹಿಡಿದು ನಿಲ್ಲಿಸುವುದು ಆ ಕಿಣ್ವವನ್ನೇ. ವಿಸ್ಕಾನ್ಸಿನ್ ಸೀಮೆಯಲ್ಲಿ ಬೂಷ್ಟು ಹಿಡಿದ ಹುಲ್ಲು ತಿಂದು ರಕ್ತ ಸೋರಿ ಸತ್ತ ದನಗಳ ಜಾಡು ಹಿಡಿದು ಸಿಕ್ಕ ಔಷಧ ಅದು.

ಇನ್ನು ಆಂಟಿಬಯಾಟಿಕ್ಕಿನ ಸಂಬಂಧಕ್ಕೆ ಬರೋಣ. ಸೆಫೊಪೆರಜೋನಿನ ಬಹುಪಾಲು ಮೂತ್ರಕ್ಕೆ ಹೋಗದೆ ಪಿತ್ತರಸದ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ವಿಟಮಿನ್ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಕೊಲ್ಲುವ ಹೊತ್ತಿಗೆ ಔಷಧದ ನಡುಭಾಗ ಒಡೆದು, ಆ ಐದು ಮೂಲೆಯ ಬಾಲ ಕಳಚಿ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋಗುತ್ತದೆ. ಹೋಗಿ ಅಡ್ಡಗಟ್ಟುವುದು ವಾರ್ಫರಿನ್ ಅಡ್ಡಗಟ್ಟುವ ಅದೇ ಮರುಬಳಕೆಯ ದಾರಿಯನ್ನು! ಒಂದು ಕಡೆ ಅಮೆರಿಕದ ದನದ ಹುಲ್ಲಿನಿಂದ ಬಂದದ್ದು, ಇನ್ನೊಂದು ಕಡೆ ಸಾರ್ಡೀನಿಯಾದ ಕಡಲಿನ ಬೂಷ್ಟಿಗೆ ಮನುಷ್ಯರು ಜೋಡಿಸಿದ್ದು, ಎರಡೂ ಮನುಷ್ಯನ ಯಕೃತ್ತಿನ ಒಂದೇ ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಇದನ್ನು ನೆನೆದಾಗಲೆಲ್ಲ ಬೆರಗಾಗುತ್ತೇನೆ. ಆದರೆ ಈ ಬಾಲದ ಹಿಡಿತ ವಾರ್ಫರಿನ್ನಿನಷ್ಟು ಬಲವಾದದ್ದಲ್ಲ. ಚೆನ್ನಾಗಿ ಊಟ ಮಾಡುವವರಿಗೆ, ದಿನಾ ಸೊಪ್ಪು ತಿನ್ನುವವರಿಗೆ ಸಾಮಾನ್ಯವಾಗಿ ಏನೂ ಆಗದು. ಆಹಾರವಿಲ್ಲದೆ ಸೊರಗಿದವರು, ವಯಸ್ಸಾದವರು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು ಸಿಕ್ಕಿಬೀಳುತ್ತಾರೆ. ಏಳನೆಯ ಅಂಶದ ಅರ್ಧಾಯುಷ್ಯ ಐದಾರು ಗಂಟೆ ಅಷ್ಟೇ, ಹಾಗಾಗಿ ಅದು ಮೊದಲು ಬರಿದಾಗುತ್ತದೆ. ಪ್ರೋಥ್ರಾಂಬಿನ್ ಟೈಮ್ ಮೊದಲು ಏರುವುದು ಇದರಿಂದಲೇ.

ಸಂಜೆಗೆ ಕೋಟೆಪೇಟೆ ಹತ್ತಿದೆವು. 1307ರಲ್ಲಿ ಪೀಸಾದವರು ಕಟ್ಟಿಸಿದ ಗೋಪುರವೊಂದಿದೆ, ಅದರ ಗೋಡೆಯಲ್ಲಿ ಅಮೃತಶಿಲೆಯ ಪುಟ್ಟ ಆನೆ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಅಷ್ಟು ದೂರದ ದ್ವೀಪದಲ್ಲಿ ಆನೆ ಕಂಡ ಕೂಡಲೇ ಇಬ್ಬರಿಗೂ ನಗು ಬಂತು. ಅದರ ಸಮೀಪದಲ್ಲೇ ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಅಲ್ಲಿಂದ ಉಪ್ಪುನೀರ ಕೆರೆಗಳೂ ಬಂದರೂ ಕಾಣುತ್ತವೆ, ಉತ್ತರಕ್ಕೆ ದ್ವೀಪದ ಬೆಟ್ಟಗಳು. ಆ ಬೆಟ್ಟಗಳಾಚೆ, ಸಮುದ್ರದಾಚೆ, ಫ್ರಾನ್ಸಿನ ಸಾಂ ರಫೇಲ್ ಊರಿನ ಬಳಿಯ ಪೈನ್ ತೋಪಿನ ಮಣ್ಣಿನಲ್ಲಿ 1957ರಲ್ಲಿ ಇನ್ನೊಂದು ಜೀವಿ ಸಿಕ್ಕಿತ್ತು. ಮಿಲಾನಿನ ಲೆಪೆಟಿಟ್ ಪ್ರಯೋಗಾಲಯದವರು ಅದರಿಂದ ರಿಫಮೈಸಿನ್ ಪಡೆದರು, ಅದರಿಂದ ಮುಂದೆ ರಿಫಾಂಪಿಸಿನ್ ಬಂತು. ನಮ್ಮ ಕ್ಷಯರೋಗಿಗಳ ಮೂತ್ರ ಕೆಂಪುಕಿತ್ತಳೆಯಾಗುವುದು ಈ ಔಷಧದ ಬಣ್ಣದಿಂದ, ಅದಕ್ಕೆ ಹೆದರಬೇಕಿಲ್ಲ.

ರಿಫಾಂಪಿಸಿನ್ ರಕ್ತವನ್ನು ಕೆಡಿಸುವ ರೀತಿ ಬೇರೆ, ಅದೂ ಬಹಳ ಅಪರೂಪಕ್ಕೆ. ಕೆಲವರ ದೇಹ ಒಂದು ವಿಶೇಷ ಪ್ರತಿಕಾಯ ಹುಟ್ಟಿಸುತ್ತದೆ. ಔಷಧ ರಕ್ತದಲ್ಲಿದ್ದಾಗ ಮಾತ್ರ ಅದು ಪ್ಲೇಟ್‌ಲೆಟ್‌ಗಳಿಗೆ ಅಂಟಿ ಅವನ್ನು ನಾಶಮಾಡುತ್ತದೆ, ಔಷಧ ಇಲ್ಲವಾದರೆ ಸುಮ್ಮನಿರುತ್ತದೆ. ಗಂಟೆಗಳೊಳಗೆ ಪ್ಲೇಟ್‌ಲೆಟ್ ಕುಸಿದು ಕಾಲ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಏಳುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ. ಔಷಧ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ಲೇಟ್‌ಲೆಟ್‌ಗಳು ಮತ್ತೆ ಏರುತ್ತವೆ, ಆದರೆ ಅಂಥವರಿಗೆ ಮತ್ತೆಂದೂ ಅದನ್ನು ಕೊಡಬಾರದು. ಔಷಧವನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ಈ ಅಪಾಯ ಹೆಚ್ಚು. ನಮ್ಮ ದೇಶದ ಕ್ಷಯ ಚಿಕಿತ್ಸೆ ವಾರಕ್ಕೆ ಮೂರು ದಿನದ ಪದ್ಧತಿಯಿಂದ ದಿನವೂ ಮಾತ್ರೆ ಕೊಡುವ ಪದ್ಧತಿಗೆ 2017ರಲ್ಲಿ ಬದಲಾಯಿತು, ಅದು ಒಳ್ಳೆಯದೇ ಆಯಿತು. ವ್ಯಾಂಕೊಮೈಸಿನ್, ಸಲ್ಫಾ ಔಷಧಗಳೂ ಇದೇ ಬಗೆಯಲ್ಲಿ ಪ್ಲೇಟ್‌ಲೆಟ್ ಇಳಿಸಬಲ್ಲವು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಮೂಳೆಮಜ್ಜೆಯನ್ನೇ ನಿಧಾನಗೊಳಿಸುತ್ತದೆ, ಅದನ್ನು ಎರಡು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುವವರ ರಕ್ತವನ್ನು ಮತ್ತೆ ಮತ್ತೆ ಎಣಿಸಿ ನೋಡಬೇಕು.

ರಾತ್ರಿ ಊಟಕ್ಕೆ ಕುಳಿತಾಗ ಹುಡುಗಿ, “ಇಷ್ಟೆಲ್ಲ ಕೇಳಿದ ಮೇಲೆ ಆಂಟಿಬಯಾಟಿಕ್ ಅಂದರೇ ಭಯ ಆಗತ್ತೆ” ಎಂದಳು. ಬೇಡ ಮಗಳೇ ಎಂದೆ. ಅವಳ ಮುತ್ತಜ್ಜನ ಇಬ್ಬರು ಅಣ್ಣಂದಿರು ವಿಷಮಜ್ವರದಲ್ಲಿ, ಒಂದೇ ಮಳೆಗಾಲದಲ್ಲಿ ತೀರಿಕೊಂಡಿದ್ದರು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಆಗ ಸು ಸಿಕ್ಕುವಿನ ಬೂಷ್ಟು ಯಾರಿಗೂ ಸಿಕ್ಕಿರಲಿಲ್ಲ. ಅವಳು ಕಾಲೇಜಿನಲ್ಲಿದ್ದಾಗ ಅದೇ ಜ್ವರ ಬಂದು ಸೆಫ್‌ಟ್ರಯಾಕ್ಸೋನಿನಿಂದ ವಾರದಲ್ಲಿ ಎದ್ದು ಓಡಾಡಿದ್ದಳು. ಈ ಔಷಧಗಳಿಲ್ಲದ ಲೋಕಕ್ಕೆ ನಾನು ಹಿಂದಿರುಗಲಾರೆ. ರಕ್ತ ಸೋರುವುದು ಇವುಗಳ ಅಪರೂಪದ ಮುಖ, ಸಮಯಕ್ಕೆ ಗುರುತಿಸಿದರೆ ಬಹುಪಾಲು ಸರಿಪಡಿಸಬಹುದಾದ ಮುಖ. ಔಷಧದ ಮೇಲೆ ಅನುಮಾನ ಬೀಳದೆ ಹೋದಾಗ, ಕಾಯಿಲೆಯೇ ಹೀಗೆ ಎಂದು ಕೈಚೆಲ್ಲಿದಾಗ ಅದು ಜೀವ ತೆಗೆಯುತ್ತದೆ. ಒಂದು ಸರಳ ಪರೀಕ್ಷೆ, ಅಗ್ಗದ ಒಂದು ವಿಟಮಿನ್ ಇಂಜೆಕ್ಷನ್ ಇರುವಾಗ ಹಾಗಾಗುವುದನ್ನು ನಾನು ಒಪ್ಪಲಾರೆ.

ಓದುಗರಲ್ಲಿ ಒಂದು ಮಾತು. ಹೃದಯದ ವಾಲ್ವ್ ಬದಲಿಸಿಕೊಂಡು ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರೋಮ್ ನುಂಗುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಯಾವ ಆಂಟಿಬಯಾಟಿಕ್ ಶುರುಮಾಡುವ ಮುಂಚೆಯೂ ಅದನ್ನು ವೈದ್ಯರಿಗೆ ತಿಳಿಸಿ. ಮೆಟ್ರೋನಿಡಜೋಲ್, ಕೋಟ್ರೈಮೋಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಈ ಮಾತ್ರೆಗಳ ಬಲವನ್ನು ಏರಿಸಿ ರಕ್ತ ಸೋರಿಸಬಲ್ಲವು, ರಿಫಾಂಪಿಸಿನ್ ಇಳಿಸಿ ವಾಲ್ವಿನಲ್ಲಿ ಹೆಪ್ಪುಗಟ್ಟಿಸಬಲ್ಲದು, ಆದ್ದರಿಂದ ನಡುವೆ ಪ್ರೋಥ್ರಾಂಬಿನ್ ಟೈಮ್‌ನಿಂದ ಲೆಕ್ಕಹಾಕುವ ಐಎನ್ಆರ್ ನೋಡಿಸಲೇಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಆಸ್ಪತ್ರೆಯಲ್ಲಿ ದಿನಗಟ್ಟಲೆ ಊಟವಿಲ್ಲದೆ ಆಂಟಿಬಯಾಟಿಕ್ ಇಂಜೆಕ್ಷನ್ ಪಡೆಯುತ್ತಿರುವ ಹಿರಿಯರಿದ್ದರೆ, “ಪ್ರೋಥ್ರಾಂಬಿನ್ ಟೈಮ್ ನೋಡಿದ್ದೀರಾ ಡಾಕ್ಟರೇ, ವಿಟಮಿನ್ ಕೆ ಬೇಕಾಗುತ್ತದೆಯೇ?” ಎಂದು ಸಂಕೋಚವಿಲ್ಲದೆ ಕೇಳಿ. ಮೂತ್ರ ಕೆಂಪಾದರೆ, ಮಲ ಕಪ್ಪಾದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ ಆ ಹೊತ್ತಿಗೇ ಹೇಳಿ, ಬೆಳಗಾಗಲಿ ಎಂದು ಕಾಯಬೇಡಿ.